ವಾಡೆಯ ಮುಂದೆ ಹತ್ತದ ಕೆಂಪು ದೀಪ

ನಮ್ಮೂರು
ರವಿವಾರ, ಮಾರ್ಚ್ ೧೯೮೫

ಶಿವರಾಯ,

ಹೆಸರಿನ ಹಿಂದೆ "ಗೌಡ್ರು" ಇಲ್ಲ, "ಅವರಿಗೆ" ಎಂಬುದೂ ಇಲ್ಲ, ಸಾಷ್ಟಾಂಗವೂ ಇಲ್ಲ. ಆಳಂದದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದಾಗ ನೀನೇ ಹೇಳುತ್ತಿದ್ದೆ, "ಏ ದೇವೀಂದ್ರ, ನನಗ ರೀ ಹಚ್ಚಿದಿ ಅಂದ್ರ ಒದೀತೇನಿ ನೋಡು" ಎಂದು. ಆದರೆ ನಮ್ಮೂರ ಅಗಸಿ ದಾಟಿದ ಕೂಡಲೇ ನನ್ನ ನಾಲಿಗೆಯ ಮೇಲೆ ಆ ರೀ ತಾನಾಗಿ ಬಂದು ಕೂಡುತ್ತಿತ್ತು. ಆಗ ನೀನೂ ಒದೆಯುತ್ತಿರಲಿಲ್ಲ. ಈಗ ನಾನು ಮೂವತ್ತೈದು ವರ್ಷದ ಸಾಲಿ ಮಾಸ್ತರ, ಹೆಸರು ಹಿಡಿದೇ ಬರೆಯುತ್ತೇನೆ. ನಾವೆಲ್ಲ ಆರಾಮ ಇದ್ದೇವೆ. ನೀನೂ ಜೇವರ್ಗಿಯಲ್ಲಿ ನಿನ್ನ ಕರಿಕೋಟು, ಕೋರ್ಟು, ಕಕ್ಷಿದಾರರ ನಡುವೆ ಆರಾಮ ಇದ್ದೀ ಎಂದು ತಿಳಿದಿದ್ದೇನೆ.

ಇಷ್ಟೊತ್ತಿಗೆ ನಿನ್ನ ತಂದೆಯವರು ಯಾರ ಕೈಯಲ್ಲಾದರೂ ಸುದ್ದಿ ಮುಟ್ಟಿಸಿರುತ್ತಾರೆ. ದೇವೀಂದ್ರಪ್ಪನಿಗೆ ಸೊಕ್ಕು ಬಂದಿದೆ, ಕೊಟ್ಟ ಮಾತು ಮುರಿದ ಎಂದು. ಹೌದು, ಮುರಿದೆ. ಗುರುವಾರ ಸಂಜೆ ನಿಮ್ಮ ಮನೆಯ, ಆ ದೊಡ್ಡ ವಾಡೆಯ ಮುಂದೆ, ಒಂದು ಕಾಲಕ್ಕೆ ನಿಮ್ಮದೇ ಆಗಿದ್ದ ಬುಲೆಟ್ಟಿನ ಮೇಲೆ ಕೂತು ಹಾದು ಹೋದೆ. ಇಳಿಯಲಿಲ್ಲ. ಬ್ರೇಕು ಒತ್ತಲಿಲ್ಲ. ನಿಮ್ಮ ವಾಡೆಯ ಕಟ್ಟೆಯ ಮೇಲೆ ಕೂಡುವವರು ಉಪ್ಪು ಖಾರ ಹಚ್ಚಿ ಹೇಳುವ ಮೊದಲು ಆದದ್ದನ್ನು ಆದಂತೆ ನಿನಗೆ ಬರೆಯಬೇಕೆನಿಸಿತು. ಇದರಲ್ಲಿ ನನ್ನ ಮಾನ ಹೋಗುವ ಮಾತೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ಆ ಗಾಡಿ ಬಂದ ದಿನ ನಿನಗೆ ನೆನಪಿರಬೇಕು. ನಮಗಾಗ ಏಳು ವರ್ಷ, ನಿನ್ನ ಅಪ್ಪ ಅದನ್ನು ಸೊಲ್ಲಾಪುರದಿಂದ ಓಡಿಸಿಕೊಂಡು ಬಂದರು. ಅದರ ಡುಗುಡುಗು ಸದ್ದು ಕೇಳಿದರೆ ಸಾಕು, ನಮ್ಮ ಕೇರಿಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ನನ್ನ ಅಪ್ಪ ಅಣ್ಣಾರಾಯ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದ. ಮ್ಯಾಟ್ರಿಕ್ ಮುಗಿದ ಬೇಸಿಗೆಯಲ್ಲಿ ನೀನು ಅದನ್ನು ಕದ್ದು ತಂದು, ಜೋಳ ಕೊಯ್ದ ಹೊಲದಲ್ಲಿ ನನಗೆ ಕಲಿಸಿದೆ. "ಎಡಗಾಲಾಗ ಬ್ರೇಕು, ಬಲಗಾಲಾಗ ಗೇರು. ಉಲ್ಟಾ ಮಾಡಿದಿ ಅಂದ್ರ ಇಬ್ಬರೂ ಮ್ಯಾಲ ಹೋಗ್ತೇವಿ ಮಗನ" ಎನ್ನುತ್ತಿದ್ದೆ. ಕೂಳೆಯ ಮೇಲೆ ಬಿದ್ದು ಮೊಣಕಾಲು ತರಚಿಕೊಂಡು ಬಿದ್ದು ಬಿದ್ದು ನಗುತ್ತಿದ್ದೆವು. ಆ ಬೇಸಿಗೆಯಷ್ಟು ನಾನು ಮತ್ತೆಂದೂ ನಕ್ಕಿಲ್ಲ, ಶಿವರಾಯ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಕೂತಾಗಲೂ ಆ ಹೊಲ ಅಡ್ಡ ಬರುತ್ತದೆ.

ಜೀಪು ಬಂದ ಮೇಲೆ ಬುಲೆಟ್ಟು ದನದ ಕೊಟ್ಟಿಗೆ ಸೇರಿತು. ಅದರ ಸೀಟಿನ ಕೆಳಗೆ ಕೋಳಿ ತತ್ತಿ ಇಡುತ್ತಿತ್ತು. ನಾಲ್ಕು ವರ್ಷದ ಹಿಂದೆ ನನಗೆ ಖಜೂರಿ ಕಡೆಯ ಹಳ್ಳಿಯೊಂದರ ಶಾಲೆಗೆ ವರ್ಗವಾಯಿತಲ್ಲ, ಆಗ ನೀನೇ ನಿನ್ನ ಅಪ್ಪನ ಕಿವಿಗೆ ಹಾಕಿ ಗಾಡಿಯನ್ನು ನನಗೆ ಕೊಡಿಸಿದೆ. ಪುಕ್ಕಟೆ ಅಲ್ಲ, ಕೇಳಿದ ಬೆಲೆ ಕೊಟ್ಟೇ ತಂದೆ. ಕಾಗದಕ್ಕೆ ಸಹಿಯಾದ ಮೇಲೆ ಬೇವಿನ ಗಿಡದ ಕೆಳಗೆ ನನ್ನ ಹೆಗಲ ಮೇಲೆ ಕೈ ಹಾಕಿ ನೀನು ಅಂದೆ: "ಒಂದ ಮಾತು ನಡಸಿಕೊಡೋ. ವಾಡೇದ ಮುಂದ ಅಷ್ಟು ಇಳದು ದಬ್ಬಿಕೊಂಡು ಹೋಗು. ತನ್ನ ಗಾಡಿ ಮ್ಯಾಲ ನೀ ಕುಂತಿದ್ದು ಅಪ್ಪಗ ನೋಡಲಿಕ್ಕಿ ಆಗಂಗಿಲ್ಲ. ಅವರ ಸಮಾಧಾನಕ್ಕ. ನಾಕು ಹೆಜ್ಜಿ ಅಷ್ಟ." ನಾನು ಹೂಂ ಎಂದೆ. ಆ ಮಾತು ಕೇಳಿದ್ದು ನಿನ್ನ ತಪ್ಪಾದರೆ, ಹೂಂ ಎಂದದ್ದು ನನ್ನ ತಪ್ಪು. ನಾನೇನೂ ಹಾಲು ಕುಡಿಯುವ ಕೂಸಾಗಿರಲಿಲ್ಲ.

ನಾಲ್ಕು ಹೆಜ್ಜೆಯಲ್ಲವೋ, ಎಂಬತ್ತಾರು ಹೆಜ್ಜೆ! ಅದೂ ಹೋಗುವಾಗ ಏರು. ನಮ್ಮ ಕೇರಿಯಿಂದ ಡಾಂಬರು ರಸ್ತೆಗೆ ಬೇರೆ ದಾರಿ ಇಲ್ಲ, ಇನ್ನೊಂದು ದಾರಿ ಹಳ್ಳದೊಳಗೆ ಇಳಿಯುತ್ತದೆ. ಅಷ್ಟು ಭಾರದ ಗಾಡಿಯನ್ನು ದಿನಕ್ಕೆ ಎರಡು ಸಲ ದಬ್ಬುವುದೆಂದರೆ ಒಂದು ಎತ್ತನ್ನು ಹೆಗಲ ಮೇಲೆ ಹೊತ್ತಂತೆ. ದಬ್ಬುವುದು ದೊಡ್ಡದಲ್ಲ, ನೋಡುವವರ ಮುಂದೆ ದಬ್ಬುವುದು ದೊಡ್ಡದು. ಅದಕ್ಕೆ ನಾನೊಂದು ಉಪಾಯ ಹುಡುಕಿದೆ, ಕೇಳು, ನಗಬೇಡ. ಹೋಗುವಾಗ ನಮ್ಮ ಕೇರಿಯ ಬಾವಿಯ ಹತ್ತಿರ, ಬರುವಾಗ ವಾಡೆಯ ಆಚೆಯ ಹುಣಸೆ ಗಿಡದ ಹತ್ತಿರ ಪೆಟ್ರೋಲಿನ ಕಾಕ್ ಬಂದ್ ಮಾಡುತ್ತಿದ್ದೆ. ಒಳಗೆ ಉಳಿದ ಪೆಟ್ರೋಲು ತೀರುವುದಕ್ಕೂ ನಿಮ್ಮ ವಾಡೆಯ ಮೂಲೆ ಬರುವುದಕ್ಕೂ ಸರಿಹೋಗುತ್ತಿತ್ತು. ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ನಾನು ಇಳಿದು, ಹಣೆ ಬಡಿದುಕೊಂಡು, "ಥೂ ಇದರ, ಮತ್ತ ಬಂದ್ ಬಿತ್ತು" ಎಂದು ಹತ್ತು ಮಂದಿಗೆ ಕೇಳುವಂತೆ ಅಂದು ದಬ್ಬುತ್ತಿದ್ದೆ. ವಾಡೆ ದಾಟಿದ ಮೇಲೆ ಕಾಕ್ ತಿರುಗಿಸಿದರೆ ಎರಡು ಕಿಕ್ಕಿಗೆ ಚಾಲೂ. ನಾಲ್ಕು ವರ್ಷ ಹೀಗೆ ನಡೆಯಿತು. ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿ ಬಂದು ಊರಲ್ಲಿ ಗಾಡಿಯ ಬಾಯಿಂದ ಸುಳ್ಳು ಹೇಳಿಸುತ್ತಿದ್ದೆ. ನನ್ನ ಹೆಂಡತಿ ಮರೆಮ್ಮ ಒಂದೇ ವಾರದಲ್ಲಿ ಕಂಡುಹಿಡಿದಳು. "ಗಾಡಿ ಕೆಟ್ಟಿಲ್ರಿ, ನೀವು ಕೆಟ್ಟೀರಿ" ಎಂದಳು. ನಾನು ಮೂರು ದಿನ ಆಕೆಯೊಡನೆ ಮಾತು ಬಿಟ್ಟೆ.

ಹೋದ ತಿಂಗಳು ಅವ್ವನಿಗೆ ಜ್ವರ ಏರಿತು. ಆಳಂದದ ದವಾಖಾನೆಗೆ ಕರೆದುಕೊಂಡು ಹೊರಟೆ. ಅವತ್ತಾದರೂ ಕಾಕ್ ಮುಟ್ಟಬಾರದು, ಏನಾದರೂ ಆಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ವಾಡೆಯ ಮೂಲೆ ಬಂತೋ ಇಲ್ಲವೋ, ಹಿಂದೆ ಕೂತಿದ್ದ ಅವ್ವ ಓಡುವ ಗಾಡಿಯಿಂದಲೇ ಕಾಲು ಕೆಳಗೆ ಬಿಟ್ಟಳು. ಯಾರೂ ಇಳಿ ಎನ್ನಲಿಲ್ಲ. ಅರವತ್ತು ವರ್ಷ ಆ ಮೂಲೆಯಲ್ಲಿ ಚಪ್ಪಲಿ ಕೈಗೆ ತೆಗೆದುಕೊಂಡು ನಡೆದ ಕಾಲು, ತಾನೇ ಇಳಿಯಿತು. ಮುಗ್ಗರಿಸಿ ಮಣ್ಣಿನಲ್ಲಿ ಕೂತಳು. ನಾನು ಗಾಡಿ ಬಿಟ್ಟು ಆಕೆಯನ್ನು ಎಬ್ಬಿಸುವಾಗ ಕಟ್ಟೆಯ ಮೇಲಿಂದ ನಿನ್ನ ಅಪ್ಪ ದೌಲತರಾಯ ಗೌಡರು ಕೇಳಿದರು: "ಯಾಕ ಮಾಸ್ತರ, ಇವತ್ತ ಕಾಕ್ ಬಂದ್ ಮಾಡೋದು ಮರತಿ ಏನು?" ಕಟ್ಟೆಗೆ ಕಟ್ಟೆಯೇ ನಕ್ಕಿತು. ಅವರಿಗೆ ಮೊದಲಿಂದಲೂ ಗೊತ್ತಿತ್ತು, ಶಿವರಾಯ! ನಾಲ್ಕು ವರ್ಷ ಅವರು ನನ್ನ ಆಟವನ್ನು ಬಯಲಾಟ ನೋಡಿದಂತೆ ನೋಡಿದ್ದರು. ಅವ್ವ ಆ ನಗುವಿಗೂ ಕೈ ಮುಗಿದಳು. ನಿಮ್ಮ ಪಡಸಾಲೆಯಲ್ಲಿ ಬಸವಣ್ಣನವರ ಫೋಟೋ ಇದೆ, ನಿನ್ನ ತಾಯಿ ಸುಂದರಬಾಯಿಯವರು ದಿನಾ ಹೂ ಏರಿಸುತ್ತಾರೆ, ಬಾಗಿಲು ತೆರೆದಿದ್ದರೆ ಬೀದಿಯಲ್ಲಿ ನಿಂತ ನಮಗೂ ಕಾಣುತ್ತದೆ. ಆ ಬಸವಣ್ಣನವರು ಯಾರಿಗೆ ಇಳಿ ಎಂದಿದ್ದರು? ನೀನು ವಕೀಲ, ನಾಲ್ಕಕ್ಷರ ನನಗಿಂತ ಹೆಚ್ಚು ಓದಿದವ, ನೀನೇ ಹೇಳು.

ಅವ್ವ ಗುಣವಾಗಿ ಬಂದಳು. ಕಳೆದ ಸೋಮವಾರ ಶಾಲೆಗೆ ಹೊರಟಾಗ ನಾನು ಕಾಕ್ ಮುಟ್ಟಲಿಲ್ಲ. ಇಳಿಯದೆ ವಾಡೆ ದಾಟಿದೆ. ಡಾಂಬರು ರಸ್ತೆ ಸೇರುವ ಹೊತ್ತಿಗೆ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಆದರೆ ಮನಸ್ಸು ಹೂವಾಗಿತ್ತು. ಗೆದ್ದೆ ಎಂದುಕೊಂಡೆ. ಎಲ್ಲಿಯ ಗೆಲುವು! ಸಂಜೆ ಕಿರಾಣಿ ಅಂಗಡಿಯ ಶಾಂತಲಿಂಗಪ್ಪ ಚಹಾದಂಗಡಿಯಲ್ಲಿ ಎಲ್ಲರ ಮುಂದೆ ಅಂದ: "ಮಾಸ್ತರ ಭಾಳ ಛಲೋ ಮನಶ್ಯಾ. ಗೌಡ್ರ ಮುಂದ ಗಾಡಿ ಸ್ಲೋ ಮಾಡಿ, ತಲಿ ಬಗ್ಗಿಸಿ ಹ್ವಾದ. ಗೌಡ್ರೂ ದೊಡ್ಡ ಮನಸು ಮಾಡ್ಯಾರ. ಇನ್ನ ಇಳಿಯೋದು ಬ್ಯಾಡ, ಸ್ಲೋ ಮಾಡಿದ್ರ ಸಾಕು ಅಂದಾರ." ನೋಡಿದೆಯಾ? ನಾನು ಎದೆ ಗಟ್ಟಿ ಮಾಡಿ ಕಿತ್ತುಕೊಂಡದ್ದನ್ನು ನಿನ್ನ ಅಪ್ಪ ಕೂತಲ್ಲೇ ದಾನ ಮಾಡಿಬಿಟ್ಟರು. ನಾನು ಚಹಾದ ಬಸಿ ಕೆಳಗಿಟ್ಟು, "ನಾ ಬ್ರೇಕ್ ಹಾಕಿಲ್ಲ" ಎಂದೆ. ಶಾಂತಲಿಂಗಪ್ಪ ನಕ್ಕು, "ಹಿಂದ ಕುಂತು ನೋಡಿದವರು ನಾವ್ರೀ" ಎಂದ. ಬ್ರೇಕು ಒತ್ತಿದೆನೋ ಇಲ್ಲವೋ ನನಗೇ ನೆನಪಿರಲಿಲ್ಲ.

ಅವತ್ತು ಮನೆಗೆ ಬಂದು ಗಾಡಿಯ ಹಿಂದಿನ ದೀಪ ನೋಡಿದೆ. ಕೆಂಪು ಗಾಜು ಇತ್ತು, ಅದರೊಳಗೆ ಜೇಡ ಮನೆ ಮಾಡಿತ್ತು. ಬ್ರೇಕು ಒತ್ತಿದರೆ ಹತ್ತಬೇಕಾದ ದೀಪ ಅದು, ನಾವು ಹೊಲದಲ್ಲಿ ಕಲಿಯುವಾಗಲೇ ಸತ್ತಿತ್ತು. ನಮ್ಮ ಕಡೆ ಅದು ಯಾರಿಗೆ ಬೇಕು? ಎತ್ತಿನ ಬಂಡಿಗೆ ಲಾಟೀನೇ ಇಲ್ಲದ ಊರು. ಮರುದಿನ ಶಾಲೆ ಬಿಟ್ಟ ಮೇಲೆ ಆಳಂದಕ್ಕೆ ಹೋಗಿ, ನಮ್ಮ ಮೆಕ್ಯಾನಿಕ್ ಬಂದೇನವಾಜನಿಗೆ ಆ ದೀಪದ ಸ್ವಿಚ್ಚು ಬೇಕೆಂದೆ. ಅವನು ಬೀಡಿ ತೆಗೆದು ನನ್ನ ಮುಖ ನೋಡಿದ. "ಅರೆ ಮಾಸ್ತರ್ ಸಾಬ, ಮುಂದಿನ ಲೈಟ್ ನಮಗ, ಹಿಂದಿನ ಲೈಟ್ ಹಿಂದ ಬರೋರಿಗಿ. ನಿಮ್ಮ ಊರಾಗ ನಿಮ್ಮ ಹಿಂದ ಯಾರ ಬರ್ತಾರ್ರಿ, ಎಮ್ಮಿ?" ಎಂದ. "ಬರೋರು ಇಲ್ಲಪ್ಪ, ನೋಡೋರು ಭಾಳ ಮಂದಿ ಅದಾರ" ಎಂದೆ. ಅವನು ಹಳೆಯ ಡಬ್ಬಿಗಳನ್ನೆಲ್ಲ ಸುರಿದು, ನನ್ನ ಗಾಡಿಗೆ ಹೊಂದುವ ಸ್ವಿಚ್ಚು ಹುಡುಕಿ ಕೊಟ್ಟ. ಹಾಕಿಕೊಡುತ್ತೇನೆ ಎಂದ, ನಾನು ಬೇಡವೆಂದೆ. ಇದನ್ನು ನನ್ನ ಕೈಯಾರೆ ಹಾಕಬೇಕಿತ್ತು.

ಬುಧವಾರ ಶಾಲೆಗೆ ರಜೆ ಹಾಕಿ ಅಂಗಳದಲ್ಲಿ ಕೂತೆ. ಸ್ವಿಚ್ಚು ಎಂದರೆ ಹೆಬ್ಬೆರಳಿನಷ್ಟು ಡಬ್ಬಿ. ಹಿಂದೆ ಎರಡು ವೈರು, ಮುಂದೆ ಒಂದು ಸಣ್ಣ ಸ್ಪ್ರಿಂಗು. ಡಬ್ಬಿಯನ್ನು ಗಾಡಿಯ ಚೌಕಟ್ಟಿಗೆ ಬಿಗಿದು, ಸ್ಪ್ರಿಂಗಿನ ಕೊಕ್ಕೆಯನ್ನು ಬ್ರೇಕಿನ ಪೆಡಲಿಗೆ ಸಿಗಿಸಬೇಕು. ಕಾಲು ಒತ್ತಿದರೆ ಸ್ಪ್ರಿಂಗು ಎಳೆದು, ಒಳಗೆ ತಾಮ್ರಕ್ಕೆ ತಾಮ್ರ ತಾಗಿ, ಹಿಂದೆ ದೀಪ ಹತ್ತುತ್ತದೆ. ಇಷ್ಟೇ. ಆದರೆ ಹಳೆಯ ಸ್ವಿಚ್ಚು ತುಕ್ಕು ತಿಂದು ಚೌಕಟ್ಟಿಗೇ ಅಂಟಿ ಹೋಗಿತ್ತು. ಸೀಮೆಎಣ್ಣೆ ಹಾಕಿ ಒಂದು ತಾಸು ಕಾದೆ, ನಟ್ಟು ಬಿಚ್ಚುವ ಪಾನಾ ಜಾರಿ ಬೆರಳಿನ ಗಂಟಿನ ಚರ್ಮ ಕಿತ್ತು ಬಂತು, ಕೊನೆಗೆ ಬೈದೇ ಬಿಚ್ಚಿದೆ. ಕೊಟ್ಟಿಗೆಯಲ್ಲಿದ್ದಾಗ ವೈರನ್ನು ಇಲಿ ಕಡಿದಿತ್ತು, ಅದನ್ನು ಬೇರೆ ಹಾಕಿದೆ. ಹೊಸ ಬಲ್ಬು ಕೂಡಿಸಿದೆ. ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮರೆಮ್ಮನನ್ನು ಹಿಂದೆ ನಿಲ್ಲಿಸಿ ಕೈಯಿಂದ ಪೆಡಲು ಒತ್ತಿದೆ. "ಹತ್ತಿತು!" ಬಿಟ್ಟೆ. "ಆರಿತು!" ಕೇರಿಯ ಮಂದಿಯೆಲ್ಲ ಕೂಡಿ ಮದುವೆ ಮನೆಯಾಯಿತು.

ಮಾನ ಹೋಗುವ ಮಾತು ಅಂದೆನಲ್ಲ, ಅದು ಇನ್ನು ಮುಂದಿದೆ. ಗಾಡಿ ಹತ್ತಿ ನಮ್ಮ ಕೇರಿಯ ಬಯಲಿನಲ್ಲಿ ಒಂದು ಸುತ್ತು ಹೊಡೆದೆ. ಮರೆಮ್ಮ ಕೂಗಿದಳು: "ಹತ್ತೇ ಅದರೀ! ಆರವಲ್ದು!" ಸ್ಪ್ರಿಂಗು ಬಿಗಿಯಾಯಿತೆಂದು ಇಳಿದು ಸಡಿಲು ಮಾಡಿದೆ. ಸ್ಟ್ಯಾಂಡಿನ ಮೇಲೆ ನೋಡಿದರೆ ಆರಿತ್ತು. ಮತ್ತೆ ಹತ್ತಿ ಓಡಿಸಿದೆ, ಮತ್ತೆ ಹತ್ತಿಕೊಂಡೇ ಇತ್ತು. ಹೀಗೆ ನಾಲ್ಕು ಸಲ. ಬಂದೇನವಾಜನನ್ನು ಬೈದೆ, ಇಲಿಯನ್ನು ಬೈದೆ, ನಿನ್ನ ಅಪ್ಪನನ್ನಂತೂ ಕೇಳಬೇಡ. ಐದನೆಯ ಸಲ ಮರೆಮ್ಮ ಹಿಂದಿನಿಂದ ಪಕ್ಕಕ್ಕೆ ಬಂದು ಗಾಡಿಯ ಜೊತೆಗೇ ಓಡಿದಳು. ನಿಲ್ಲಿಸಿದ ಮೇಲೆ ಏದುಸಿರು ಬಿಡುತ್ತ ಮೆಲ್ಲಗೆ ಅಂದಳು: "ಸ್ವಿಚ್ಚು ಬರೋಬರಿ ಅದರೀ. ನಿಮ್ಮ ಕಾಲು ಅದರ ಮ್ಯಾಲೇ ಇರ್ತದ."

ನೋಡಿದೆ. ಇತ್ತು. ಎಡಗಾಲು ಪೆಡಲಿನ ಮೇಲೆ, ಯಾರೋ ಹೇಳಿಕೊಟ್ಟಂತೆ, ಹಗುರಾಗಿ ಒರಗಿಕೊಂಡಿತ್ತು. ತೆಗೆದೆ, ಎರಡು ಮಾರು ಹೋಗುವುದರೊಳಗೆ ಮತ್ತೆ ಅಲ್ಲೇ ಬಂತು. ನಾಲ್ಕು ವರ್ಷ ನಿಲ್ಲುವುದಕ್ಕೆ ತಯಾರಾಗಿಯೇ ಗಾಡಿ ಓಡಿಸಿದ್ದೇನೆ, ಶಿವರಾಯ. ಶಾಂತಲಿಂಗಪ್ಪ ಸುಳ್ಳು ಹೇಳಿರಲಿಲ್ಲ. ಸೋಮವಾರ ನಾನು ನಿಜವಾಗಿಯೂ ಗೌಡರ ಮುಂದೆ ಸ್ಲೋ ಮಾಡಿದ್ದೆ. ಅವ್ವನ ಕಾಲು ತಾನೇ ಇಳಿಯಿತು ಎಂದು ಅತ್ತವನು ನಾನು, ನನ್ನ ಕಾಲೂ ಅದೇ ಪಾಠ ಕಲಿತಿತ್ತು. ಅಲ್ಲೇ ಬಯಲಿನಲ್ಲಿ ಕುಸಿದು ಕೂತು ಅತ್ತೆ. ಆಮೇಲೆ ಎದ್ದೆ. ಮರುದಿನ ಶಾಲೆ ಬಿಟ್ಟು ಬಂದ ಮೇಲೂ ಅದೇ ಬಯಲಿನಲ್ಲಿ ಸುತ್ತಿದೆ, ಮರೆಮ್ಮ ಹಿಂದಿನಿಂದ "ಹತ್ತಿತು" ಎಂದಾಗಲೆಲ್ಲ ನನ್ನ ಕಾಲಿಗೆ ನಾನೇ ಬೈದೆ. ಕೊನೆಗೆ ಒಂದು ಪೂರಾ ಸುತ್ತು ಆಕೆ ಬಾಯಿ ಬಿಡಲಿಲ್ಲ.

ಅವತ್ತೇ, ಅಂದರೆ ಗುರುವಾರ, ದೀಪ ಹಚ್ಚುವ ಹೊತ್ತಿಗೆ ಹೊರಟೆ. ಬೇಕೆಂದೇ ಆ ಹೊತ್ತು ಆರಿಸಿದ್ದೆ, ಆಗ ಕೆಂಪು ದೀಪ ದೂರದಿಂದಲೂ ಕಾಣುತ್ತದೆ, ಕಟ್ಟೆಯೂ ತುಂಬಿರುತ್ತದೆ. ಮರೆಮ್ಮ ಮೊದಲೇ ಹೋಗಿ ಕಟ್ಟೆಯ ಎದುರಿಗೆ ನಿಂತಿದ್ದಳು. ನಾನು ಒಬ್ಬನೇ ಹೋಗುವವನಿದ್ದೆ, ಆದರೆ ಅವ್ವ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಂದು ಹಿಂದೆ ಹತ್ತಿ ಕೂತಳು. "ಅವ್ವ, ನೀ ಮತ್ತ ಇಳದೀ" ಎಂದೆ. "ಇಳಿಯೋ ಕಾಲು ನಂದು. ನಾ ನೋಡ್ಕೋತೇನಿ. ನೀ ನಿನ್ನ ಕಾಲು ನೋಡ್ಕೋ" ಎಂದಳು.

ವಾಡೆಯ ಮೂಲೆ ಬಂತು. ನಿನ್ನ ಅಪ್ಪ ಲೋಡಿಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಶಾಂತಲಿಂಗಪ್ಪ. ನಾನು ಎಡಗಾಲನ್ನು ಪೆಡಲಿನಿಂದ ಹಿಂದಕ್ಕೆ ಎಳೆದು ಹಿಡಿದೆ. ನಡುಮಧ್ಯದಲ್ಲಿ ನಿನ್ನ ಅಪ್ಪ ಎದ್ದು ನಿಂತು, "ಏ ಮಾಸ್ತರ!" ಎಂದು ಗುಡುಗಿದರು. ಆ ದನಿಗೆ ನನ್ನ ಕಾಲು ಜಿಗಿಯಿತು. ಸುಳ್ಳು ಯಾಕೆ ಹೇಳಲಿ, ಜಿಗಿಯಿತು. ಅಷ್ಟರಲ್ಲಿ ಹಿಂದಿನಿಂದ ಅವ್ವನ ಕೈ ಬಂದು ನನ್ನ ಎಡ ತೊಡೆಯನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಎಳೆಯಿತು. ಕಾಲು ಪೆಡಲು ಮುಟ್ಟಲಿಲ್ಲ. ಎಂಬತ್ತಾರು ಹೆಜ್ಜೆ ಮುಗಿದವು. ಅವ್ವ ಇಳಿಯಲಿಲ್ಲ.

ಹುಣಸೆ ಗಿಡದ ಹತ್ತಿರ ಹೋಗಿ ಬೇಕೆಂದೇ ಬ್ರೇಕು ಒತ್ತಿದೆ. ದೀಪ ಕೆಟ್ಟಿದೆ, ಅದಕ್ಕೇ ಹತ್ತಲಿಲ್ಲ ಎಂದು ನಾಳೆ ಯಾರೂ ಹೇಳಬಾರದಲ್ಲ. ಕಟ್ಟೆಯ ಎದುರಿಗೆ ನಿಂತಿದ್ದ ಮರೆಮ್ಮ ಊರೆಲ್ಲ ಕೇಳುವಂತೆ ಕೂಗಿದಳು: "ನೋಡ್ಕೋರ್ರಿ, ಈಗ ಹತ್ತಿತು! ನಿಮ್ಮ ಮುಂದ ಹತ್ತಿಲ್ಲ!" ಗಾಡಿ ತಿರುಗಿಸಿಕೊಂಡು ಅದೇ ದಾರಿಯಲ್ಲಿ ವಾಪಸು ಬಂದೆವು. ಆಗಲೂ ಹತ್ತಲಿಲ್ಲ. ಈ ಸಲ ನಿನ್ನ ಅಪ್ಪ ಮತ್ತೆ ಲೋಡಿಗೆ ಒರಗಿ ಕೂತಿದ್ದರು. ಶಾಂತಲಿಂಗಪ್ಪ ನೆಲ ನೋಡುತ್ತಿದ್ದ.

ಶುಕ್ರವಾರದಿಂದ ನಮ್ಮ ಕೇರಿಗೆ ಹಿಟ್ಟಿನ ಗಿರಣಿಯಲ್ಲಿ ಕರೆಂಟಿಲ್ಲ. ಬೇರೆಯವರ ಜೋಳ ಬೀಸುವ ಸದ್ದು ಮಾತ್ರ ಕೇಳುತ್ತದೆ. ಶಾಂತಲಿಂಗಪ್ಪನ ಅಂಗಡಿಯಲ್ಲಿ ನಮಗೆ ಸಕ್ಕರೆ ಮುಗಿದಿದೆ, ಉಪ್ಪು ಮುಗಿದಿದೆ, ಬೆಂಕಿಪೆಟ್ಟಿಗೆ ಮುಗಿದಿದೆ. ನಿನ್ನೆ ನಾನು ಜೋಳದ ಚೀಲ ಗಾಡಿಗೆ ಕಟ್ಟಿಕೊಂಡು ಹಿರೋಳ್ಳಿಯ ಗಿರಣಿಗೆ ಮೂರು ಸಲ ಹೋಗಿ ಬಂದೆ. ಅಂದರೆ ವಾಡೆಯ ಮುಂದೆ ಆರು ಸಲ ಹಾದೆ. ಗಿರಣಿ ಬಂದ್ ಮಾಡಿಸಿ ನಿನ್ನ ಅಪ್ಪ ತಮಗೇ ಇದನ್ನು ಹೆಚ್ಚು ಸಲ ತೋರಿಸಿಕೊಳ್ಳುತ್ತಿದ್ದಾರೆ. ನನ್ನನ್ನು ಅಫಜಲಪುರದ ಆಚೆ ಸೊನ್ನಕ್ಕೆ ವರ್ಗ ಮಾಡಿಸುತ್ತೇನೆ ಎಂದಿದ್ದಾರಂತೆ. ಮಾಡಿಸಲಿ. ಭೀಮಾ ನದಿಯ ದಂಡೆಯಲ್ಲೂ ಮಕ್ಕಳಿದ್ದಾರೆ, ಅ ಆ ಇ ಈ ಅಲ್ಲಿಯೂ ಅಷ್ಟೇ. ರವಿವಾರಕ್ಕೊಮ್ಮೆ ಅವ್ವನನ್ನು ನೋಡಲು ಬರಲೇಬೇಕಲ್ಲ, ಬರುವ ದಾರಿ ಇದೊಂದೇ. ಹೆದರಿಕೆ ಇಲ್ಲವೇ ಎಂದು ಕೇಳಿದರೆ, ಇದೆ. ಕೇರಿಯಲ್ಲಿ ಕೆಲವರು "ನಿನ್ನಿಂದ ನಮಗೂ ತ್ರಾಸು" ಎಂದು ನನ್ನನ್ನು ಬೈಯುತ್ತಾರೆ, ಅವರ ಮಾತಿನಲ್ಲೂ ನ್ಯಾಯವಿದೆ. ಆದರೆ ಹೆದರಿಕೆಯಿಂದ ಕಾಲು ಎಲ್ಲಿಗೆ ಹೋಗುತ್ತದೆ ಎಂಬುದು ನನಗೀಗ ಗೊತ್ತಾಗಿದೆ. ಗೊತ್ತಿದ್ದೂ ಅಲ್ಲಿಡಲು ನಾನು ತಯಾರಿಲ್ಲ.

ನಿನ್ನ ಅಪ್ಪ ನಿನ್ನನ್ನು ಕರೆಸುತ್ತಾರೆ. ಗೆಳೆಯನಿಗೆ ಬುದ್ಧಿ ಹೇಳು ಎನ್ನುತ್ತಾರೆ. ಆಗ ನೀನು ನನ್ನ ಹೂಂ ನೆನಪಿಸಬೇಡ. ಕೇಳಬಾರದ ಮಾತನ್ನು ನೀನು ಕೇಳಿದ್ದೆ, ಕೊಡಬಾರದ ಮಾತನ್ನು ನಾನು ಕೊಟ್ಟಿದ್ದೆ. ನನ್ನ ಪಾಲಿನದನ್ನು ನಾನು ಮುರಿದು ಹಾಕಿದ್ದೇನೆ, ನಿನ್ನ ಪಾಲಿನದು ನಿನ್ನ ಹತ್ತಿರವೇ ಇದೆ. ನೀನು ಕೆಟ್ಟವನಲ್ಲ, ಅದು ನನಗೆ ಗೊತ್ತು. ನಾಲ್ಕು ಹೆಜ್ಜೆ ಅಷ್ಟೇ ಎಂದವನು ನೀನು, ಆ ಹೆಜ್ಜೆಗಳನ್ನು ಒಮ್ಮೆಯೂ ನಡೆದು ನೋಡಲಿಲ್ಲ, ನಿನ್ನ ಮೇಲಿನ ನನ್ನ ಸಿಟ್ಟೆಲ್ಲ ಇಷ್ಟೇ.

ಬರುವುದಾದರೆ ಜೀಪಿನಲ್ಲಿ ಬರಬೇಡ. ಬಸ್ಸು ಹಿಡಿದು ಆಳಂದಕ್ಕೆ ಬಾ, ಯಾವ ದಿನ ಎಂದು ಒಂದು ಕಾರ್ಡು ಬರೆ. ನಾನು ಬಸ್‌ಸ್ಟ್ಯಾಂಡಿಗೆ ಗಾಡಿ ತರುತ್ತೇನೆ. ನೀನು ಹಿಂದೆ ಕೂಡು. ನಾವಿಬ್ಬರೂ ಒಟ್ಟಿಗೆ ಊರಿಗೆ ಹೋಗೋಣ. ಒಂದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡ: ನಿನ್ನ ಮನೆಯ ಮುಂದೆ ನಾನು ಬ್ರೇಕು ಹಾಕುವುದಿಲ್ಲ. ನೀನು ನನ್ನ ಹಿಂದೆ ಕೂತು, ನಿನ್ನ ಅಪ್ಪ ನೋಡುತ್ತಿರುವಾಗ, ನಿನ್ನ ಬಾಗಿಲು ದಾಟಿ ನಮ್ಮ ಕೇರಿಗೇ ಬರಬೇಕಾಗುತ್ತದೆ. ಅವ್ವ ರೊಟ್ಟಿ ಬಡಿದಿಟ್ಟಿರುತ್ತಾಳೆ. ಉಂಡು, ಆಮೇಲೆ ನಿನ್ನ ಮನೆಗೆ ನಡೆದುಕೊಂಡು ಹೋಗು. ಆಗದು ಎನ್ನುವುದಾದರೆ ಕಾರ್ಡು ಬರೆಯಬೇಡ, ನಾನು ತಿಳಿದುಕೊಳ್ಳುತ್ತೇನೆ. ಗಾಡಿಯಂತೂ ಹಾಯುತ್ತಲೇ ಇರುತ್ತದೆ.

ನಿನ್ನ ತಂದೆಯವರಿಗೆ ನೂರು ವರ್ಷ ಆಯುಷ್ಯವಿರಲಿ, ಕಣ್ಣು ಕೊನೆಯವರೆಗೂ ಚೆನ್ನಾಗಿ ಕಾಣಲಿ. ನಾನು ಹಾದು ಹೋಗುವುದನ್ನು ಅವರು ಬಹಳ ದಿನ ನೋಡಬೇಕು. ನಿನಗೆ ಜೈಭೀಮ.

ನಿನ್ನ,
ದೇವೀಂದ್ರ